ಬಾಯಿ ಕಟ್ಟಿದ ಸುಣ್ಣದ ಹರಳು

ನನ್ನ ಮೊಮ್ಮಗಳು ಪಿಎಚ್‌ಡಿ ಪಾಸಾದಳು! ಸುಣ್ಣದ ಕಲ್ಲಿನ ಹರಳು ಗಂಧಕದ ಹೊಗೆಯನ್ನು ಹೇಗೆ ಹೀರುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಕಟ್ಟಿದ್ದಾಳೆ. ಕಾರ್ಖಾನೆ ಚಿಮಣಿಯ ಹೊಗೆಗೆ ಅದೇ ಮದ್ದಂತೆ. ಈ ಖುಷಿಯಲ್ಲಿ ಅವಳಿಗೆ ದಾರಿ ತೋರಿಸಿದ ಕಾಲೇಜಿನ ಮಾಸ್ತರರೇ ಕಣ್ಣ ಮುಂದೆ ಬರುತ್ತಾರೆ. ಈಗವರು ನಿವೃತ್ತರಾಗಿ ಬೈಲಹೊಂಗಲ ಬಿಟ್ಟಿದ್ದಾರೆ.

ಮಾತಿಗೆ ಮೊದಲು ಧೋತರದ ಚುಂಗಿನಿಂದ ಕನ್ನಡಕ ಒರೆಸುವರು. "ಗಡಿಬಿಡಿ ಬ್ಯಾಡವ್ವಾ, ಒಳಗ ನೋಡು" ಎನ್ನುವುದು ಅವರ ಮಾತು.

ಒಂದು ಸಲ ಹರಳು ಪೂರಾ ಹೊಗೆ ಹೀರುತ್ತದೆಂದು ಮೊಮ್ಮಗಳ ಲೆಕ್ಕ ಹೇಳಿತು. ಪ್ರಯೋಗದಲ್ಲಿ ಅದು ಅರ್ಧಕ್ಕೇ ನಿಂತಿತು. ಅವಳು ತಲೆ ಹಿಡಿದು ಕುಳಿತಳು. ಮಾಸ್ತರರು ಪ್ರಯೋಗದ ಹರಳನ್ನು ಹಿಡಿದುಕೊಂಡು ಸಂಪಗಾಂವದ ನಮ್ಮ ಮನೆಗೇ ಬಂದರು.

"ಮಾಸ್ತರ್ರ, ಇಷ್ಟು ವರ್ಷ ಓದಿದ್ದು ನೀರಾಗ ಹೋತೇನ್ರಿ?" ಎಂದೆ.

"ತಡೀರಿ ಅಮ್ಮಾರ" ಎಂದು ಅವರು ಆ ಹರಳನ್ನು ಒಡೆದು ಭೂತಗನ್ನಡಿ ಹಿಡಿದರು. ಅಂಚಿಗೆ ಮಬ್ಬು ಪೊರೆ ಕಟ್ಟಿತ್ತು. ನಡುವೆ ಬೆಳ್ಳಗೆ ಸುಣ್ಣ ಹಾಗೇ ಇತ್ತು.

"ಹೊಗಿ ಹೊಕ್ಕಂಗ ಹರಳಿನ ಸಣ್ಣ ಸಣ್ಣ ತೂತು ಮುಚ್ಚಕೋತ ಹೋಗ್ಯಾವ. ನೀ ಲೆಕ್ಕದಾಗ ಬಾಗಲಾ ತೆರದ ಇಟ್ಟೀಯಲ್ಲವ್ವಾ!"

ಅವಳು ಅಳುತ್ತಲೇ ನಕ್ಕಳು. ತೂತು ಮುಚ್ಚುವುದನ್ನೂ ಸೇರಿಸಿ ಲೆಕ್ಕವನ್ನು ಹೊಸದಾಗಿ ಕಟ್ಟಿದಳು.

ಇಂದು ಸಂಜೆ ಮನೆಮಂದಿಯೆಲ್ಲ ಊಟಕ್ಕೆ ಕುಳಿತಾಗ ಅವಳು ಹೇಳಿದಳು: "ಆಯಿ, ಇವತ್ತ ಪಿಎಚ್‌ಡಿ ಪರೀಕ್ಷಾದಾಗ ಹರಳು ಅರ್ಧಕ್ಕ ಯಾಕ ನಿಂತು ಅಂತನ ಮೊದಲ ಕೇಳಿದ್ರು." ಪಾಸಾದದ್ದು ಗೊತ್ತಿದ್ದರೂ ನಮ್ಮೆಲ್ಲರ ಕೈ ತುತ್ತಿನಲ್ಲೇ ನಿಂತಿತು.

"ಹೇಳಿದಿ ಏನವ್ವಾ?" ಎಂದೆ.

"ಹೇಳಿದ್ನಿ, ಉಣ್ರಿ ಈಗ!" ಎಂದು ಅವಳು ನಕ್ಕ ಮೇಲೆಯೇ ನಾವು ಹೋಳಿಗೆ ಮುರಿದೆವು.