ಬೀಗರು ತುಳಿದ ಮೇವು

ರಾಮಸಮುದ್ರದ ಗುರುದೇವಿ ಈ ಸಲ ಮೆಕ್ಕೆಜೋಳವನ್ನು ಒಣಗಲು ಬಿಡಲಿಲ್ಲ. ಕಾಳು ಬಲಿತು, ಇನ್ನೂ ಹಸಿಯಿರುವಾಗಲೇ ತೆನೆ ಮುರಿಸಿ, ಸಿಪ್ಪೆ, ಬೆಂಡಿನ ಸಮೇತ ಯಂತ್ರದಲ್ಲಿ ನುರಿಸಿ, ಎಮ್ಮೆಗಳ ಬೇಸಿಗೆ ಮೇವಿಗೆಂದು ಗುಂಡಿ ತುಂಬಿಸಿದಳು. ಒಳಗೆ ಗಾಳಿ ಉಳಿಯದಂತೆ ಅದನ್ನು ಅಂದೇ ತುಳಿದು ಮುಚ್ಚಬೇಕು. ಇಲ್ಲದಿದ್ದರೆ ಬೆಳೆಯೆಲ್ಲ ಬೂಷ್ಟು ಹಿಡಿದು ತಿಪ್ಪೆಗೆ ಹೋಗುತ್ತದೆ. ತುಳಿಯಬೇಕಿದ್ದ ಟ್ರ್ಯಾಕ್ಟರ್ ಹಾದಿಯಲ್ಲೇ ಕೆಟ್ಟು ನಿಂತಿತು. ಬಂದವರು ಬೀಗರು. ಗುರುದೇವಿಯ ಮಗಳನ್ನು ತವರಿಗೆ ಬಿಡಲು ಶಹಾಪುರದಿಂದ ಒಂದು ಜೀಪು ತುಂಬ ಜನ.

ಗುಂಡಿಯಲ್ಲಿ ಒಬ್ಬಳೇ ಕುಣಿಯುತ್ತಿದ್ದ ಗುರುದೇವಿ ನಾಚಿ ಸೆರಗು ಸರಿಮಾಡಿಕೊಂಡಳು.

"ಏನ್ ನಡಸೀರಿ ಬೀಗತಿಯವ್ರ?" ಎಂದಳು ಮಗಳ ಅತ್ತೆ, ಭಾರಿ ಮೈಯ ಪಾರ್ವತಿಬಾಯಿ.

"ಮೇವು ತುಳ್ಯಾಕತ್ತೀನ್ರಿ. ನನ್ನ ತೂಕಕ್ಕ ಇದು ಕುಗ್ಗವಲ್ದು."

"ಅದಕ್ಕ ನನ್ನ ಹಂಗ ನೋಡಾಕತ್ತೀರೇನು?"

"ಬೀಗರಿಗೆ ಹೆಂಗ ಹೇಳ್ಲಿರಿ?"

"ಹೇಳಬ್ಯಾಡ್ರಿ, ಕೈ ಕೊಡ್ರಿ."

ಪಾರ್ವತಿಬಾಯಿ ಇಳಿದೇಬಿಟ್ಟಳು. ಹಿಂದೆಯೇ ಅವಳ ಸೊಸೆಯಂದಿರು, ಗಂಡ ಮಲ್ಲಣ್ಣ, ಜೀಪಿನ ಡ್ರೈವರ್ ಕೂಡ. ಯಾರೋ ಕೊಡ ಬಡಿದರು. ಮದುವೆಯಲ್ಲಿ ಬೀಗರನ್ನು ಕಾಡುವ ಹಾಡುಗಳು ಎರಡೂ ಕಡೆಯಿಂದ ಹೊರಬಿದ್ದವು. ಒಂದೊಂದು ಬೈಗುಳಕ್ಕೂ ಮೇವು ಒಂದಿಷ್ಟು ಕೆಳಗಿಳಿಯಿತು. ಮಲ್ಲಣ್ಣ ಜಾರಿ ಕುಳಿತಾಗ ಗುರುದೇವಿಗೆ ನಾಚಿಕೆ ಪೂರಾ ಬಿಟ್ಟುಹೋಗಿತ್ತು. "ಅಲ್ಲೇ ಕುಂದರ್ರಿ ಬೀಗರ, ಆ ಮೂಲಿ ಇನ್ನಾ ಮೆತ್ತಗದ" ಎಂದಳು.

ಹೊತ್ತು ಮುಳುಗುವ ಮುನ್ನ ಪಾರ್ವತಿಬಾಯಿ ನಟ್ಟನಡುವೆ ನಿಂತು ಹಿಮ್ಮಡಿ ಊರಿ ನೋಡಿದಳು. ಅದು ಒಂದಿಷ್ಟೂ ಇಳಿಯಲಿಲ್ಲ.

"ನೆಲ ಆತ್ ನೋಡ್ರಿ" ಎಂದಳು.

ನಗು ತಡೆಯಲಾರದ ಗುರುದೇವಿಗೆ ತಾಡಪತ್ರಿಯ ಅಂಚು ಹಿಡಿಯಲೂ ಆಗಲಿಲ್ಲ. ಬೀಗರೇ ಎಳೆದು ಗುಂಡಿ ಮುಚ್ಚಿದರು.