ಒಂದು ಕೆಮ್ಮಿಗೆ ಕೆಂಪು

ನನ್ನ ತಮ್ಮನಿಗೆ ಊರವರು ಕರೆಯುವ ಹೆಸರು ಕಿಡಿ. ಗಾಡಿಗಳ ವೈರಿಂಗ್ ಮಾಡುವವನಾದ್ದರಿಂದ ಆ ಹೆಸರು ಬಂತೆಂದು ಎಲ್ಲರೂ ತಿಳಿದಿದ್ದಾರೆ. ಅಲ್ಲ, ಅದು ನಮ್ಮ ಅಮ್ಮ ಇಟ್ಟದ್ದು. ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಮಗನಿಗೆ ಇನ್ನೇನು ಹೆಸರಿಟ್ಟಾಳು? ಅರವತ್ತು ದಾಟಿದರೂ ಇವತ್ತಿಗೂ ನಿಂತುಕೊಂಡೇ ಊಟ ಮಾಡುತ್ತಾನೆ. ಸ್ಟೂಲಿನ ಮೇಲೆ ಕೂತನೆಂದರೆ ಒಂದು ಕಾಲು ಅಲ್ಲಾಡತೊಡಗುತ್ತದೆ, ಬೆಂಚಿನ ಮೇಲಿನ ಸ್ಕ್ರೂಗಳೆಲ್ಲ ಅದರ ಜೊತೆ ಕುಣಿಯುತ್ತವೆ. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ, “ಹುಡುಗಿ ಜೊತೆ ಅರ್ಧ ಗಂಟೆಯಾದ್ರೂ ಕೂತು ಮಾತಾಡ್ಬೇಕಂತಲ್ಲಪ್ಪ, ಆಗ್ಲಿಲ್ಲ” ಅನ್ನುತ್ತಾನೆ. ಅದನ್ನೂ ಎದ್ದು ಹೋಗುತ್ತಲೇ ಅನ್ನುತ್ತಾನೆ.

ನನ್ನ ಗಂಡ ಹೋದ ಮೇಲೆ ಐದು ವರ್ಷದ ಮಗಳನ್ನು ಕರೆದುಕೊಂಡು ನಾನು ಅವನ ಮನೆ ಸೇರಿ ಮೂವತ್ತೇಳು ವರ್ಷವಾಯಿತು. ಮನೆ ಎಂದರೆ ಹಿಂದೆ ಎರಡು ಕೋಣೆ, ಮುಂದೆ ಅಂಗಡಿ, ನಡುವೆ ಕದವಿಲ್ಲದ ಬಾಗಿಲು. ಆ ಹೊಸ್ತಿಲ ಪಕ್ಕ ಮಣೆ ಹಾಕಿಕೊಂಡು ನಾನು ಬೆಳ್ಳುಳ್ಳಿ ಸುಲಿಯುತ್ತಲೋ ಗುಂಡಿ ಹೊಲಿಯುತ್ತಲೋ ಕೂರುತ್ತೇನೆ. ಪಾಪ, ಮುದುಕಿಗೆ ಹೊತ್ತು ಹೋಗುವುದಿಲ್ಲ ಎಂದು ಬಂದವರು ಅಂದುಕೊಳ್ಳುತ್ತಾರೆ. ನನಗೆ ಅಲ್ಲಿ ಕೆಲಸವಿತ್ತು.

ಕಿಡಿಗೆ ಕೆಂಪೂ ಹಸಿರೂ ಒಂದೇ ಆಗಿ ಕಾಣುತ್ತವೆ. ಚಿಕ್ಕವನಿದ್ದಾಗ ಹಣ್ಣಾದ ಟೊಮೇಟೊ ಕಿತ್ತು ತಾ ಎಂದರೆ ಕಾಯಿ ತರುತ್ತಿದ್ದ. ಬೇಕೆಂದೇ ತರುತ್ತಾನೆಂದು ಅಪ್ಪ ಬಡಿಯುತ್ತಿದ್ದರು. ತಂತಿಯ ಬಣ್ಣ ನೋಡಿ ಮಾಡುವ ಕೆಲಸಕ್ಕೇ ಅವನು ಹೋಗಿ ಸೇರಿದ್ದು ಹೇಗೋ, ಆ ಹುಚ್ಚು ಅವನಿಗೇ ಗೊತ್ತು. ಗಿರಾಕಿಗಳಿಗೆ ತಿಳಿದರೆ ಅಂಗಡಿಗೆ ಬೀಗ. ಅದಕ್ಕೆ ಎರಡು ಉಪಾಯ ಮಾಡಿಕೊಂಡಿದ್ದ. ಮೊದಲನೆಯದು ಬಿಳಿ ದಾರ. ಕರೆಂಟು ತರುವ ತಂತಿಯ ಎರಡೂ ತುದಿಗೆ ಒಂದೊಂದು ಗಂಟು. ಅರ್ತಿಂಗಿಗೆ, ಅಂದರೆ ಗಾಡಿಯ ಕಬ್ಬಿಣದ ಮೈಗೆ ಬಿಗಿಯುವ ತಂತಿಗೆ, ಎರಡೆರಡು ಗಂಟು. ನೋಡಿದವರು ಎಂಥ ಅಚ್ಚುಕಟ್ಟು ಎಂದು ಹೊಗಳುತ್ತಿದ್ದರು. ಎರಡನೆಯ ಉಪಾಯ ನಾನು. ಅವನು ತಂತಿ ಎತ್ತಿ ಸುಮ್ಮನೆ ನನ್ನ ಕಡೆ ಹಿಡಿಯುತ್ತಿದ್ದ. ನಾನು ಒಮ್ಮೆ ಕೆಮ್ಮಿದರೆ ಕೆಂಪು, ಎರಡು ಸಲ ಕೆಮ್ಮಿದರೆ ಹಸಿರು. ಕೆಂಪು ಕರೆಂಟಿಗೆ, ಹಸಿರು ಅರ್ತಿಂಗಿಗೆ. ನನ್ನ ಕೆಮ್ಮಿಗೆ ಗಿರಾಕಿಗಳು ಹೇಳಿದ ಕಷಾಯಗಳನ್ನೆಲ್ಲ ಕುಡಿದಿದ್ದರೆ ನಾನು ಎಂದೋ ಹೋಗಿರುತ್ತಿದ್ದೆ.

ಆ ಇಟಲಿ ಬೈಕು ಒಂದು ಸೋಮವಾರ ಬೆಳಿಗ್ಗೆ ಸರಕಿನ ಗಾಡಿಯಲ್ಲಿ ಮಲಗಿಕೊಂಡು ಬಂತು. ಜೊತೆಗೆ ಬಂದವರು ದನದ ಡಾಕ್ಟರಮ್ಮ. ಬೈಕು ಅವರ ಅಪ್ಪನದು, ಐವತ್ತು ವರ್ಷ ದಾಟಿದ್ದು. ಸುತ್ತ ಎಲ್ಲೂ ಅದರ ಜೋಡಿಯಿಲ್ಲ; ಒಂದು ಬಲ್ಬು ಬೇಕಾದರೂ ಹಡಗು ಹತ್ತಿ ಬರಬೇಕು. ಅಪ್ಪ ಹೋದ ಮೇಲೆ ಮಗಳು ಅದರ ಮೇಲೆಯೇ ದನಕರು ನೋಡಲು ಓಡಾಡುತ್ತಾರೆ. ಇಪ್ಪತ್ತೆರಡು ವರ್ಷದ ಹಿಂದೆ ಅದರ ತಂತಿಗಳನ್ನೆಲ್ಲ ಕಿತ್ತು ಹೊಸದಾಗಿ ಹಾಕಿದವನು ಕಿಡಿಯೇ.

“ಕಿಡಿಯಣ್ಣ, ಎರಡು ತಿಂಗಳ ಹಿಂದೆ ಫ್ರೇಮಿಗೆ ಬಣ್ಣ ಹೊಡೆಸ್ದೆ. ಆಮೇಲೆ ಸೇತುವೆ ಹತ್ರ ಬೋಲ್ಟು ಕೈಲಿ ಮುಂದಿನ ದೀಪ ಬೇರೆ ಹಾಕಿಸ್ದೆ. ಅಲ್ಲಿಂದ ಶುರು ನೋಡಿ. ಗುಂಡಿ ಹಾರಿದ್ರೆ ಸಾಕು, ಫ್ಯೂಸು ಢಮಾರ್! ಮೊನ್ನೆ ಮುಸ್ಸಂಜೇಲಿ ಸೇತುವೆ ಇಳಿಜಾರಲ್ಲಿ ದೀಪಾನೂ ಹೋಯ್ತು, ಇಂಜಿನ್ನೂ ಹೋಯ್ತು. ಹಿಂದೆ ಲಾರಿ. ಒಂದು ಗೇಣು ಅಣ್ಣ, ಒಂದೇ ಗೇಣು!” ಎಂದು ಕೈ ಅಗಲಿಸಿ ತೋರಿಸಿದರು.

ಬೋಲ್ಟು ಎಂದರೆ ಸೇತುವೆ ಪಕ್ಕದ ಗ್ಯಾರೇಜಿನವನು.

ಕಿಡಿ ಹ್ಯಾಂಡಲ್ ತಿರುಗಿಸಿದ, ದೀಪ ಹಾಕಿದ, ಆರಿಸಿದ. ಫ್ಯೂಸಿಗೆ ಏನೂ ಆಗಲಿಲ್ಲ. ಮುಷ್ಟಿಯಿಂದ ಫ್ರೇಮಿಗೆ ಒಂದು ಗುದ್ದಿದ. ಫ್ಯೂಸು ಸುಟ್ಟಿತು. ಹೊಸದು ಹಾಕಿ ಮತ್ತೆ ಗುದ್ದಿದ. ಅದೂ ಹೋಯಿತು. ನಾನು ಬೆಳ್ಳುಳ್ಳಿ ಬಿಟ್ಟು ಕಿವಿಗೊಟ್ಟೆ. ಗುದ್ದಿದಾಗಲೆಲ್ಲ ಟ್ಯಾಂಕಿನ ಕೆಳಗೆ ಎಣ್ಣೆಗೆ ಸಾಸಿವೆ ಬಿದ್ದಂಥ ಸಣ್ಣ ಚಟ್ ಶಬ್ದ.

“ಟ್ಯಾಂಕಿನ ಅಡಿ ಕಣೋ,” ಎಂದೆ.

ಟ್ಯಾಂಕ್ ಇಳಿಸಿದ. ಫ್ರೇಮಿನ ಹೊಸ ಬಣ್ಣದಡಿ ಒಂದು ಸ್ಕ್ರೂ, ಅದಕ್ಕೆ ಬಿಗಿದ ಒಂದು ತಂತಿ. ಬಣ್ಣ ನಡುವೆ ಬಂದು ತಂತಿ ಕಬ್ಬಿಣಕ್ಕೆ ಸರಿಯಾಗಿ ತಾಗುತ್ತಿರಲಿಲ್ಲ. ಗಾಡಿ ಎತ್ತಿಹಾಕಿದಾಗ ಮಾತ್ರ ತಾಗುತ್ತಿತ್ತು. ಅದರ ಇನ್ನೊಂದು ತುದಿ ಮುಂದಿನ ದೀಪದ ಒಳಗೆ ಕರೆಂಟಿನ ತಂತಿಗೆ ಸೇರಿತ್ತು. ಅಂದರೆ ತಾಗಿದಾಗಲೆಲ್ಲ ಕರೆಂಟು ನೇರವಾಗಿ ಗಾಡಿಯ ಮೈಗೆ ಇಳಿದು ಫ್ಯೂಸು ಸುಡುತ್ತಿತ್ತು. ಫ್ರೇಮಿಗೆ ಬಿಗಿದ ತುದಿಯಲ್ಲಿ ಮಾಸಿದ ಬಿಳಿ ದಾರ, ಎರಡು ಗಂಟು; ದೀಪದ ಕಡೆಯ ತುದಿಯಲ್ಲಿ ದಾರವಿರಲಿಲ್ಲ. ಕಿಡಿಯದೇ ಕೈ.

ಅವನು ತಂತಿ ಎತ್ತಿ ನನ್ನ ಕಡೆ ಹಿಡಿದ. ನಾನು ಒಮ್ಮೆ ಕೆಮ್ಮಿದೆ.

ಅವನು ಕಾದ. ಹಾಗೆಯೇ ಹಿಡಿದುಕೊಂಡು ಕಾದ. ನಾನು ಇನ್ನೊಮ್ಮೆ ಕೆಮ್ಮಲಿಲ್ಲ. ತಲೆ ಎತ್ತಿ ನನ್ನ ಮುಖ ನೋಡಿದ. ನಾನು ಇಲ್ಲವೆಂದು ತಲೆಯಾಡಿಸಿದೆ. ಅಷ್ಟು ಹೊತ್ತೂ ಕುಣಿಯುತ್ತಿದ್ದ ಅವನ ಕಾಲು ನಿಂತುಬಿಟ್ಟಿತು.

ನನಗೂ ಆಗಲೇ ನೆನಪಾದದ್ದು. ಈ ಬೈಕಿಗೆ ತಂತಿ ಹಾಕಿದ ವರ್ಷ ನಾನು ಮಗಳ ಹೆರಿಗೆಗೆ ಹೋಗಿ ಹನ್ನೊಂದು ದಿನ ಮನೆಯಲ್ಲಿರಲಿಲ್ಲ. ಅವನು ಒಬ್ಬನೇ ಅಂದಾಜಿನ ಮೇಲೆ ತಂತಿಯ ಸುರುಳಿ ಎತ್ತಿಕೊಂಡಿದ್ದ. ಹಸಿರೆಂದು ಕೆಂಪು ಹಾಕಿದ್ದ.

“ಅಯ್ಯಯ್ಯೋ, ಕೆಂಪು ತಂತಿನ ತಂದು ಫ್ರೇಮಿಗೆ ಬಿಗಿದಿದ್ದಾನಲ್ಲ!” ಡಾಕ್ಟರಮ್ಮ ಬಗ್ಗಿ ನೋಡಿ ಕೂಗಿಕೊಂಡರು. “ಇದು ಆ ಬೋಲ್ಟು ಕೆಲಸ ತಾನೇ?”

ಕಿಡಿ “ಹೂಂ” ಎಂದ. ಅಷ್ಟೇ. ಹೂಂ ಕೂಡ ಅಲ್ಲ, ಮೂಗಿನಲ್ಲಿ ಒಂದು ಶಬ್ದ.

“ನಿಮ್ಮ ಕೈ ಇಪ್ಪತ್ತೆರಡು ವರ್ಷ ನಡೀತು, ಅವನ ಕೈ ಎರಡು ತಿಂಗಳು! ಅಪ್ಪನ ಸ್ನೇಹಿತರಿಗೆಲ್ಲ ಹೇಳ್ತೀನಿ, ಅವನ ಹತ್ರ ಒಂದು ಸೈಕಲ್ಲನ್ನೂ ಬಿಡ್ಬೇಡಿ ಅಂತ.” ಬುಧವಾರ ಬಂದು ಒಯ್ಯುತ್ತೇನೆಂದು ಹೊರಟವರು ನನ್ನ ಕಡೆ ತಿರುಗಿ, “ಅಮ್ಮಾ, ಆ ಕೆಮ್ಮು ತೋರಿಸ್ಕೊಳ್ಳಿ,” ಎಂದರು.

ಆಮೇಲಿನ ಎರಡು ದಿನ ನಮ್ಮ ಮನೆಯಲ್ಲಿ ಕಾದ ಹೆಂಚಿನ ಮೇಲೆ ಕಾಲಿಟ್ಟ ಹಾಗೆ ಕಳೆದವು. ತಂತಿ ಬದಲಾಯಿಸುವುದು ಒಂದು ಗಂಟೆಯ ಕೆಲಸ. ಕಿಡಿ ಮುಗಿಸಿದ. ಮತ್ತೆ ಬಿಚ್ಚಿದ. ಮತ್ತೆ ಹಾಕಿದ. ಸ್ಕ್ರೂಡ್ರೈವರ್ ಈ ಜೇಬಿನಿಂದ ಆ ಜೇಬಿಗೆ ಇಟ್ಟ. ಸೇತುವೆಯವರೆಗೆ ನಡೆದು ಹೋಗಿ ಬೋಲ್ಟಿನ ಗ್ಯಾರೇಜು ನೋಡಿ ಬಂದ, ಒಳಗೆ ಹೋಗಲಿಲ್ಲ. ತಟ್ಟೆಯಲ್ಲಿದ್ದದ್ದು ತಟ್ಟೆಯಲ್ಲೇ ಉಳಿಯಿತು.

“ಆ ಬೋಲ್ಟೂ ದೀಪದ ಕಡೆಯ ದಾರ ಕಿತ್ತಿದ್ದಾನೆ ಅಕ್ಕ. ದಾರ ಇದ್ದಿದ್ರೆ ಏನೂ ಆಗ್ತಿರ್ಲಿಲ್ಲ.”

“ಹೌದು.”

“ಹೇಳಿದ್ರೆ ನಾಳೆಯಿಂದ ಅಂಗಡಿಗೆ ಯಾರು ಬರ್ತಾರೆ?”

“ಗೊತ್ತಿಲ್ಲ.”

“ನೀನಾದ್ರೂ ಬೈಯೇ!”

ನಾನು ಬೈಯಲಿಲ್ಲ. ಚಿಕ್ಕಂದಿನಿಂದ ಅವನಿಗೆ ಬೈದು ಪ್ರಯೋಜನವಿಲ್ಲ. ತಿರುಗಿ ತಿರುಗಿ ಅವನೇ ದಾರಿಗೆ ಬರಬೇಕು.

ಬುಧವಾರ ಡಾಕ್ಟರಮ್ಮನಿಗಿಂತ ಮೊದಲು ಬೋಲ್ಟು ಬಂದ. ಗುಂಡುಕಲ್ಲಿನಂಥ ಆಳು, ಮುಖ ಬಾಡಿಹೋಗಿತ್ತು. “ಅಣ್ಣ, ಡಾಕ್ಟರಮ್ಮ ನಾಲ್ಕು ಜನರ ಎದುರಿಗೆ ನನ್ನ ಮಾನ ಹರಾಜು ಹಾಕಿ ಹೋದ್ರು. ನಿನ್ನೆ ಇಬ್ಬರು ಗಾಡಿ ವಾಪಸ್ ತಗೊಂಡು ಹೋದ್ರು. ನಾನು ದೀಪದೊಳಗೆ ಬಿಟ್ರೆ ಇನ್ನೆಲ್ಲೂ ಕೈ ಹಾಕಿಲ್ಲ. ಕೆಂಪು ತಂತಿ ಇತ್ತು, ಕರೆಂಟಿಗೆ ಸೇರಿಸ್ದೆ. ಯಾವ್ದೋ ಕೊಳಕು ದಾರ ಸುತ್ತಿತ್ತು, ಕಿತ್ತು ಬಿಸಾಕ್ದೆ. ಕೆಂಪು ಅಂದ್ರೆ ಕರೆಂಟು ತಾನೆ ಅಣ್ಣ? ನಾನು ಕಲಿತದ್ದೇ ತಪ್ಪಾ?”

ಕಿಡಿ ಬಾಯಿ ತೆರೆಯುವಷ್ಟರಲ್ಲಿ ಡಾಕ್ಟರಮ್ಮ ಒಳಗೆ ಬಂದರು. ಬೋಲ್ಟನ್ನು ಕಂಡು ಹುಬ್ಬು ಗಂಟಿಕ್ಕಿದರು.

ಕಿಡಿ ಬೆಂಚಿನಿಂದ ಎರಡು ತುಂಡು ತಂತಿ ಎತ್ತಿದ. “ಡಾಕ್ಟರಮ್ಮ, ಇವೆರಡು ಯಾವ ಬಣ್ಣ?”

“ಇದು ಕೆಂಪು, ಅದು ಹಸಿರು. ಯಾಕೆ?”

“ನನಗೆ ಎರಡೂ ಒಂದೇ. ಹುಟ್ಟಿದಾಗಿನಿಂದ. ಆ ಕೆಂಪು ತಂತಿ ಹಾಕಿದ್ದು ನಾನು. ಬೋಲ್ಟು ಅಲ್ಲ. ಮೊನ್ನೆ ಹೂಂ ಅಂದದ್ದು ಸುಳ್ಳು.” ಒಂದೇ ಉಸಿರಿಗೆ ಹೇಳಿದ. ದಾರದ ಗಂಟು, ನನ್ನ ಕೆಮ್ಮು, ಹನ್ನೊಂದು ದಿನ, ಏನನ್ನೂ ಬಿಡಲಿಲ್ಲ.

ಡಾಕ್ಟರಮ್ಮ ಆ ಎರಡು ತುಂಡನ್ನೂ ಅವನ ಕೈಯಿಂದ ತೆಗೆದು ಬೆಂಚಿನ ಮೇಲಿಟ್ಟರು. ಆಮೇಲೆ ಮೆಲ್ಲಗೆ, “ಒಂದು ಗೇಣು, ಅಣ್ಣ,” ಎಂದರು. ಕಿಡಿ ತಲೆ ತಗ್ಗಿಸಿದ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತೇನೋ.

“ಎರಡು ದಿನ ನನ್ನ ಹೊಟ್ಟೆ ಉರಿಸಿದ್ರಲ್ಲ ಅಣ್ಣ!” ಬೋಲ್ಟು ಮಾತ್ರ ದನಿ ಏರಿಸಿದ.

“ನೀನು ಸುಮ್ನಿರು. ನಿನಗೆ ಬೈದದ್ದರಲ್ಲಿ ಅರ್ಧ ವಾಪಸ್ ತಗೊಳ್ತೀನಿ. ಇನ್ನರ್ಧ ಇಟ್ಕೋ, ದಾರ ಕಿತ್ತಿದ್ದು ನೀನೇ,” ಎಂದರು ಡಾಕ್ಟರಮ್ಮ. ಮತ್ತೆ ಕಿಡಿಯ ಕಡೆ ತಿರುಗಿ, “ಹೋರಿಗೂ ಕೆಂಪು ಕಾಣಲ್ಲ, ಗೊತ್ತಾ? ಆದ್ರೂ ಅದರ ಕೈಲಿ ಕೆಲಸ ಮಾಡಿಸ್ತೀವಿ. ಆದ್ರೆ ಅದು ಕಾಣುತ್ತೆ ಅಂತ ಸುಳ್ಳು ಹೇಳಲ್ಲ.” ಕಿಡಿ ನಗಲಿಲ್ಲ. ಅವರೂ ನಗಲಿಲ್ಲ. “ಆ ಹನ್ನೊಂದು ದಿನದಲ್ಲಿ ಒಟ್ಟು ಎಷ್ಟು ಗಾಡಿ ಮಾಡಿದ್ರಿ?”

ಎರಡು ದಿನ ಅವನನ್ನು ಸುತ್ತಾಡಿಸಿದ್ದು ಇದೇ ಪ್ರಶ್ನೆ ಎಂದು ನನಗೆ ಆಗ ತಿಳಿಯಿತು. ಉತ್ತರ ಅವನ ಬಾಯಲ್ಲಿ ಸಿದ್ಧವಾಗಿತ್ತು. “ನಾಲ್ಕು. ಹಾಲಿನ ವ್ಯಾನು, ದರ್ಜಿಯ ಸ್ಕೂಟರು, ಪ್ರೆಸ್ಸಿನವರ ಮೂರು ಚಕ್ರದ ಗಾಡಿ, ಇದು.”

“ಹಾಲಿನ ವ್ಯಾನು ಗುಜರಿಗೆ ಹೋಯ್ತು. ಮೂರು ಚಕ್ರದ್ದು ಈಗ ಇಟ್ಟಿಗೆ ಗೂಡಲ್ಲಿ ಓಡ್ತಿದೆ, ನಾನು ತೋರಿಸ್ತೀನಿ,” ಎಂದ ಬೋಲ್ಟು, ಮುಖ ಇನ್ನೂ ಊದಿಕೊಂಡೇ.

ಡಾಕ್ಟರಮ್ಮ ಬೈಕು ಏರಿ ಬೀದಿಯ ಗುಂಡಿಗಳನ್ನೆಲ್ಲ ಹುಡುಕಿ ಹುಡುಕಿ ಹಾರಿಸಿದರು. ನಾನು ಕಣ್ಣು ಮುಚ್ಚಿ ಕೇಳಿದೆ. ಚಟ್ ಅನ್ನುವ ಶಬ್ದ ಎಲ್ಲೂ ಇಲ್ಲ. ಸದ್ದು ಬೀದಿಯ ತಿರುವು ದಾಟಿ ಹೋಗುವ ಮೊದಲೇ ಕಿಡಿ ಅಂಗಡಿಯ ಶಟರ್ ಅರ್ಧ ಎಳೆದಿದ್ದ. “ಅಕ್ಕ, ಚಪ್ಪಲಿ ಹಾಕ್ಕೋ.”

ದರ್ಜಿಯ ಮನೆಯಂಗಳದಲ್ಲಿ ಆ ಹಳೇ ಸ್ಕೂಟರು ಇನ್ನೂ ಇತ್ತು, ಸೊಸೆ ಓಡಿಸುತ್ತಾಳಂತೆ. ದರ್ಜಿ ಕುತ್ತಿಗೆಗೆ ಟೇಪು ಹಾಕಿಕೊಂಡು ಪಕ್ಕದಲ್ಲೇ ನಿಂತ. ಕಿಡಿ ದೀಪ ಬಿಚ್ಚಿದ. ಎರಡು ಗಂಟಿನ ತಂತಿ ಹುಡುಕಿ, ಎತ್ತಿ, ನನ್ನ ಕಡೆ ಹಿಡಿದ. ಮೂವತ್ತೇಳು ವರ್ಷದ ಅಭ್ಯಾಸ, ಕೆಮ್ಮು ಗಂಟಲಿಗೆ ಬಂದೇಬಿಟ್ಟಿತ್ತು. ನುಂಗಿಕೊಂಡೆ.

“ಕೆಂಪು,” ಎಂದೆ, ಜೋರಾಗಿ.

“ಅಷ್ಟು ಕೂಗ್ತೀರಲ್ಲಮ್ಮ, ಕಿಡಿಗೆ ಕಿವಿ ಮಂದವಾಯ್ತಾ?” ಎಂದು ದರ್ಜಿ ಕೇಳಿದ.

“ಕಿವಿ ಚೆನ್ನಾಗಿದೆ. ಕಣ್ಣು,” ಎಂದ ಕಿಡಿ. ಆ ತಂತಿಯನ್ನು ಕತ್ತರಿಸಿ ತೆಗೆದು, “ಹಸಿರು ಕೊಡು ಅಕ್ಕ,” ಎಂದು ಕೈ ಚಾಚಿದ. ಕಾಲು ಅಲ್ಲಾಡುತ್ತಿತ್ತು. ಇಟ್ಟಿಗೆ ಗೂಡಿಗೆ ಹೋಗುವುದು ಇನ್ನೂ ಬಾಕಿಯಿತ್ತು.