ಜವಾಬಿನ ಬಾಜೂ

ಮೊನ್ನೆ ಹಳೆಯ ಟ್ರಂಕಿನಿಂದ ಕೌದಿಯೊಂದನ್ನು ತೆಗೆದು ಬಿಸಿಲಿಗೆ ಹಾಕಿದೆ. ಮಡಿಕೆ ಬಿಚ್ಚುತ್ತಿದ್ದಂತೆ ಒಣಗಿದ ಬೇವಿನೆಲೆ, ಒಲೆಯ ಹೊಗೆ, ಎಷ್ಟೋ ವರ್ಷದ ಹತ್ತಿ ಸೀರೆಗಳ ವಾಸನೆ ಎಲ್ಲ ಒಟ್ಟಿಗೇ ಮೂಗಿಗೆ ಬಡಿಯಿತು. ನಾನು ಮಾಳಿಗೆಯ ಕಟ್ಟೆಯ ಮೇಲೆ ಹಾಗೇ ಕುಳಿತುಬಿಟ್ಟೆ. ಕೌದಿಯ ವಾಸನೆಗೆ ಬೇರೆಯವರಿಗೆ ನಿದ್ದೆ ನೆನಪಾಗಬಹುದು, ನನಗೆ ನೆನಪಾಗುವುದು ದಪ್ಪು ಎಂಬ ಚರ್ಮವಾದ್ಯದ ಸದ್ದು. ನೀವೂ ಟೇಪ್ ರಿಕಾರ್ಡರಿನ ಮುಂದೆ ಉಸಿರು ಬಿಗಿಹಿಡಿದು ಕುಳಿತ ಕಾಲದವರಾಗಿದ್ದರೆ ಬನ್ನಿ, ಮಸ್ಕಿಯ ನಮ್ಮ ಹಳೆಯ ಮನೆಯ ಪಡಸಾಲೆಗೆ ಕರೆದುಕೊಂಡು ಹೋಗುತ್ತೇನೆ. ಮನೆ ಈಗ ಇಲ್ಲ, ಆ ಜಾಗದಲ್ಲಿ ಸಿಮೆಂಟು ಮಾರುವ ಅಂಗಡಿಯೊಂದು ಎದ್ದಿದೆ. ಆದರೂ ನಮ್ಮ ಬಾಗಿಲು ತಗ್ಗು, ತಲೆ ಬಗ್ಗಿಸಿ ಬನ್ನಿ.

ಆ ಪಡಸಾಲೆಯ ರಾಜ ನಮ್ಮ ಶರಣಪ್ಪ ಕಾಕಾ, ಅಪ್ಪನ ತಮ್ಮ. ಬಜಾರಿನಲ್ಲಿ ರೇಡಿಯೋ, ಟೇಪು ರಿಪೇರಿ ಮಾಡುತ್ತಿದ್ದ. ಆದರೆ ಅವನ ಜೀವವೆಲ್ಲ ಸವಾಲ್-ಜವಾಬ್ ಹಾಡಿನಲ್ಲಿತ್ತು. ಒಬ್ಬ ಹಾಡಿನಲ್ಲೇ ಸವಾಲು ಎಸೆಯುವುದು, ಇನ್ನೊಬ್ಬ ಹಾಡಿನಲ್ಲೇ ಜವಾಬು ಕೊಟ್ಟು ಅವನ ಮಾನ ಕಳೆಯುವುದು. ಹಿರಿಯರು ಎದುರುಬದುರು ಕುಳಿತು ಮಾಡುತ್ತಿದ್ದ ಈ ಜಗಳವನ್ನು ಕಾಕಾ ಕ್ಯಾಸೆಟ್ಟಿಗೆ ಇಳಿಸಿದ. ಅವನ ಎದುರಾಳಿ ಮುಕ್ಕುಂದದ ಹನುಮಂತಪ್ಪ, ಸಿಂಧನೂರಿನ ಆಚೆ ಭತ್ತ ಬೆಳೆಯುವ ರೈತ. ಕಾಕಾ ಕ್ಯಾಸೆಟ್ಟಿನ ಎ ಬಾಜೂವಿನಲ್ಲಿ ಸವಾಲು ಹಾಡಿ, ಬಿ ಬಾಜೂ ಖಾಲಿ ಬಿಟ್ಟು, ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತಿದ್ದ. ಸಿಂಧನೂರಿನ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಅದು ಹನುಮಂತಪ್ಪನ ದಾರಿ ಕಾಯುತ್ತಿತ್ತು. ಅವನು ಒಯ್ದು ಬಿ ಬಾಜೂವಿನಲ್ಲಿ ಜವಾಬು ತುಂಬಿ ಅದೇ ದಾರಿಯಲ್ಲಿ ಹಿಂದಕ್ಕೆ ಕಳಿಸುತ್ತಿದ್ದ. ನಿಯಮ ಒಂದೇ: ಒಬ್ಬರ ಬಾಜೂವಿಗೆ ಇನ್ನೊಬ್ಬರು ಕೈ ಹಚ್ಚುವಂತಿಲ್ಲ. ಅರ್ಧ ತಾಸಿನ ಬಾಜೂವಿನಲ್ಲಿ ಇಪ್ಪತ್ತೇ ನಿಮಿಷ ಹಾಡಿದ್ದರೂ ಉಳಿದ ಜಾಗ ಹಾಗೇ ಖಾಲಿ ಇರಬೇಕು. ಜವಾಬು ಬಂದ ಮೇಲೆ ಕಾಕಾ ಎರಡು ಟೇಪು ಜೋಡಿಸಿ ನಕಲು ತೆಗೆಯುತ್ತಿದ್ದ. ಸಂತೆಕಲ್ಲೂರಿನ ಹೋಟೆಲು, ಗುರುಗುಂಟಾದ ಹಜಾಮತಿ ಅಂಗಡಿ, ಲಿಂಗಸುಗೂರಿನ ಲಾರಿ ಡ್ರೈವರುಗಳು, ಹೀಗೆ ಅದು ಕೈಯಿಂದ ಕೈಗೆ ಹೋಗುತ್ತಿತ್ತು. ಮೇಲೆ ಚಿತ್ರವಿಲ್ಲ, ಕಂಪನಿಯ ಹೆಸರಿಲ್ಲ, ಬಾಲ್ ಪೆನ್ನಿನಲ್ಲಿ ಬರೆದ ಎರಡು ಊರಿನ ಹೆಸರು ಅಷ್ಟೇ.

ನಮ್ಮ ಮನೆಗೆ ತಾಗಿ ಹಿಟ್ಟಿನ ಗಿರಣಿ ಇತ್ತು. ಅದು ತಿರುಗುತ್ತಿರುವಾಗ ಹಾಡು ತುಂಬುವ ಮಾತೇ ಇರಲಿಲ್ಲ. ಹಾಗಾಗಿ ಕರೆಂಟು ಹೋದರೆ ಓಣಿಯವರೆಲ್ಲ ಸರಕಾರಕ್ಕೆ ಬೈಯುವ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಹಬ್ಬ. ಎದುರು ಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದ ಮಹಬೂಬ ಮಾಮಾ ಮಷೀನು ಬಿಟ್ಟು "ಉಸ್ತಾದ್, ಲೈಟ್ ಹೋತು!" ಎಂದು ಕೂಗುತ್ತಾ ದಪ್ಪು ಹಿಡಿದು ಓಡಿಬರುತ್ತಿದ್ದ. ಅವನು ಅಂಗಳದಲ್ಲಿ ಬಟ್ಟೆಯ ಚೂರು ಸುಟ್ಟು ದಪ್ಪು ಕಾಯಿಸುವಷ್ಟರಲ್ಲಿ, ನಾನು ಬಿಸಿಲಿಗಿಟ್ಟ ಹಳೆಯ ಸೆಲ್ಲುಗಳನ್ನು ಟೇಪಿಗೆ ತುಂಬುತ್ತಿದ್ದೆ. ಕಾಕಾ ನಾಲ್ಕೂ ಗೋಡೆಗೆ ಕೌದಿ ತೂಗುಹಾಕುತ್ತಿದ್ದ, ಧ್ವನಿ ಗುಂಯ್ ಎನ್ನಬಾರದೆಂದು. ಆ ಕೌದಿಗಳನ್ನೆಲ್ಲ ಹೊಲಿದವಳು ನಮ್ಮ ಆಯಿ, ಕಾಕಾನ ತಾಯಿ. "ಹೊದ್ದಾಕಂತ ಹೊಲದೀನಿ. ಗ್ವಾಡಿಗೆ ಥಂಡಿ ಹತ್ತೇತೇನೋ?" ಎಂದು ಪ್ರತಿಸಲ ಬೈಯುತ್ತಿದ್ದಳು, ಬೈಯುತ್ತಲೇ ಇನ್ನೊಂದು ತಂದು ಕೊಡುತ್ತಿದ್ದಳು. ಬಾಗಿಲು ಹಾಕಿದ ಮೇಲೆ ಒಳಗೆ ಸೆಕೆ, ಬೆವರು, ಸುಟ್ಟ ಬಟ್ಟೆಯ ಕಮಟು. ಎರಡು ಗುಂಡಿಗಳನ್ನು ಒಟ್ಟಿಗೇ ಒತ್ತುವುದು ನನ್ನ ಕೆಲಸ. ಖಟ್ ಎಂದ ಮೇಲೆ ಯಾರೂ ಕೆಮ್ಮುವಂತಿಲ್ಲ.

ಗುಂಡಿ ಒತ್ತುವುದಷ್ಟೇ ನನ್ನ ಕೆಲಸ ಎಂದರೆ ಸುಳ್ಳಾಗುತ್ತದೆ. ಪ್ರಾಸ ನನ್ನದು. ಹತ್ತು ವರ್ಷದವಳಿದ್ದೆ, ಮಾತಿಗೆ ಮಾತು ಜೋಡಿಸುವುದು ನನಗೆ ಉಸಿರಾಡಿದಷ್ಟೇ ಸಲೀಸಾಗಿತ್ತು. ಕಾಕಾ ಹಾಡುತ್ತಾ ಹಾಡುತ್ತಾ ಎಡವಿದರೆ ನನ್ನ ಕಡೆ ನೋಡುತ್ತಿದ್ದ. ನಾನು ಕಿವಿಯಲ್ಲಿ ಸಾಲು ಊದುತ್ತಿದ್ದೆ. ನಮ್ಮದು ಜೋಳದ ನೆಲ, ಅವರದು ಕಾಲುವೆಯ ನೆಲ. ಎಲ್ಲ ಹಾಡೂ ಕೊನೆಗೆ ಅದೇ ಜಗಳಕ್ಕೆ ಬಂದು ನಿಲ್ಲುತ್ತಿತ್ತು. ಅನ್ನ ಉಂಡವರಿಗೆ ಮಧ್ಯಾಹ್ನವೇ ನಿದ್ದೆ ಎಂದು ನಾವು, ರೊಟ್ಟಿ ತಿಂದವರ ಮಾತೂ ಒಣಕಲು ಎಂದು ಅವರು. ಹನುಮಂತಪ್ಪನನ್ನು ನಾನು ಆವರೆಗೆ ಕಣ್ಣಿನಿಂದ ಕಂಡಿರಲಿಲ್ಲ. ಆದರೆ ಅವನ ಎತ್ತರದ ಧ್ವನಿ ಗೊತ್ತಿತ್ತು, ಸಾಲಿನ ನಡುವೆ ಅವನು ಉಸಿರು ಎಳೆದುಕೊಳ್ಳುವ ಸದ್ದೂ ಗೊತ್ತಿತ್ತು. ಅವನನ್ನು ಸೋಲಿಸಬೇಕೆಂಬುದು ನನ್ನ ದೊಡ್ಡ ಆಸೆಯಾಗಿತ್ತು, ಅವನ ಜವಾಬು ಬಾರದ ವಾರ ನನಗೆ ಊಟ ಸೇರುತ್ತಿರಲಿಲ್ಲ.

ಒಂದು ಬೇಸಿಗೆಯಲ್ಲಿ ಜವಾಬು ಬಹಳ ತಡವಾಯಿತು. ಕಾಲುವೆಗೆ ನೀರು ನಿಲ್ಲಿಸಿದ್ದ ದಿನಗಳು. ಹನುಮಂತಪ್ಪ ಸೋತು ಅಡಗಿದ್ದಾನೆ ಎಂದು ನಾವು ನಕ್ಕೆವು. ಅವನ ಸರದಿ ಮುಗಿಯುವ ಮೊದಲೇ ಇನ್ನೊಂದು ಸವಾಲು ಕಳಿಸಿ ಕೆಣಕೋಣ ಎಂದು ಮಹಬೂಬ ಮಾಮಾ ಹುರಿದುಂಬಿಸಿದ. ಹಾಡಿನ ಕೊನೆಗೆ ಕಾಕಾ ನನ್ನ ಕಡೆ ತಿರುಗಿದಾಗ ಈ ಸಾಲು ನನ್ನ ಬಾಯಿಂದ ತಾನಾಗಿಯೇ ಬಂತು:

"ಕಾಲುವಿ ಬಂದ್ ಆತು, ಕಂಠಾನೂ ಬಂದ್ ಆತು,
ಕಪ್ಪಿ ಸೈತ ಹಾಡ್ಯಾವ, ನೀ ಯಾಕ ಸುಮ್ಮಾದಿ?"

ಕಾಕಾ ಅದನ್ನು ಮೂರು ಸಲ ತಿರುಗಿಸಿ ಹಾಡಿ ಮುಗಿಸಿದ. ಗುಂಡಿ ಬಿಟ್ಟ ಕೂಡಲೇ ಮಹಬೂಬ ಮಾಮಾ ನನ್ನನ್ನು ಎತ್ತಿ ಕುಣಿಸಿದ. ಕಪ್ಪೆಯೂ ಹಾಡುವಾಗ ನಿನಗೇನಾಯಿತು ಎಂದು ಮುಕ್ಕುಂದದ ಹುಲಿಗೆ ಕೇಳಿದ್ದೆನಲ್ಲ, ನಾನು ಆ ದಿನ ನೆಲದ ಮೇಲೆ ನಡೆಯಲೇ ಇಲ್ಲ.

ಕ್ಯಾಸೆಟ್ಟು ಹೋಗಿ ಮೂರು ದಿನಕ್ಕೆ ಮಹಬೂಬ ಮಾಮಾ ದಾರ, ಗುಂಡಿ ತರಲು ಸಿಂಧನೂರಿಗೆ ಹೋದ. ಸಂಜೆ ಬಂದವನು ಚಪ್ಪಲಿ ಬಿಡುವುದನ್ನೂ ಮರೆತು ಪಡಸಾಲೆಯಲ್ಲಿ ನಿಂತ. "ಶರಣಾ, ಹನುಮಂತಪ್ಪಗ ಗಂಟಲದಾಗ ಗಡ್ಡಿ ಆಗಿತ್ತಂತ. ರಾಯಚೂರಾಗ ಆಪರೇಷನ್ ಮಾಡ್ಯಾರ. ಜೀವಕ್ಕೇನಿಲ್ಲ, ಆದ್ರ ಧ್ವನಿ ತಿರುಗಿ ಬರ್ತೈತೋ ಇಲ್ಲೋ ಹೇಳಾಕ ಬರೂದಿಲ್ಲ ಅಂದಾರಂತ" ಎಂದ. ಕಾಕಾ ಕೇಳಿದ್ದು ಒಂದೇ ಮಾತು, "ಕ್ಯಾಸೆಟ್?" "ನಿನ್ನೇನ ಅವನ ಮಗಳು ಬಂದು ಒಯ್ದಾಳ" ಎಂದ ಮಹಬೂಬ ಮಾಮಾ. ಪಕ್ಕದ ಗಿರಣಿ ತಿರುಗುತ್ತಲೇ ಇತ್ತು. ಕಾಕಾ ನನ್ನ ತಲೆ ಸವರಿ, "ಹಾಡಿದಾಂವ ನಾ, ತಪ್ಪು ನಂದ. ನೀ ಯಾರ ಮುಂದೂ ಬಾಯಿ ಬಿಡಬ್ಯಾಡ" ಎಂದ. ಅವನು ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಮುಕ್ಕುಂದಕ್ಕೆ ಹೋಗಿ ಬಾ ಎಂದು ಆಯಿ ಎಷ್ಟು ಹೇಳಿದರೂ "ಯಾವ ಮಾರಿ ಹೊತ್ತು ಹೋಗ್ಲಿ ಯವ್ವಾ?" ಎಂದು ಗೋಡೆಯ ಕಡೆ ತಿರುಗಿ ಮಲಗಿದ.

ನಾನು ಅಂದಿನಿಂದ ಪ್ರಾಸ ಬಿಟ್ಟೆ. ಶಾಲೆಯಲ್ಲಿ ಪದ್ಯ ಓದುವಾಗಲೂ ಸಾಲಿನ ಕೊನೆ ಬಂದರೆ ನಾಲಿಗೆ ಹಿಂದೆ ಸರಿಯುತ್ತಿತ್ತು. ಹಾಡೇ ಜೀವವಾಗಿದ್ದ ಮನುಷ್ಯನ ಕಂಠ ಹೋಯಿತು, ಹೋದ ವಾರವೇ ನಾನು ಅದನ್ನು ಹಂಗಿಸಿದ್ದೆ. ದೇವರು ನನ್ನ ಮಾತು ಕೇಳಿಯೇ ಹೀಗೆ ಮಾಡಿದನೇನೋ ಎಂಬ ಹುಚ್ಚು ಭಯವೂ ಇತ್ತು. ಒಂದು ತಿಂಗಳ ಮೇಲೆ ಕಂಡಕ್ಟರ್ ಅದೇ ಕ್ಯಾಸೆಟ್ಟು ತಂದು ಕೊಟ್ಟ. ಮೂವರೂ ಬಾಗಿಲು ಹಾಕಿಕೊಂಡು ಕುಳಿತೆವು. ಕಾಕಾ ಬಿ ಬಾಜೂ ಹಾಕಿದ. ಸುಂಯ್ ಎನ್ನುವ ಖಾಲಿ ಟೇಪಿನ ಸದ್ದು, ಅದು ಬಿಟ್ಟರೆ ಬೇರೇನೂ ಇಲ್ಲ. ಅರ್ಧ ತಾಸು ಕೇಳಿದೆವು. ತಾನಾಗಿ ಗುಂಡಿ ಮೇಲೆದ್ದಾಗ ಕಾಕಾ "ಇದೂ ಜವಾಬೇ" ಎಂದು ಕ್ಯಾಸೆಟ್ಟನ್ನು ಗೋಡೆಯ ಮಾಡದಲ್ಲಿಟ್ಟ. ಮರುದಿನ ಕೌದಿಗಳೆಲ್ಲ ಗೋಡೆಯಿಂದ ಇಳಿದು ಆಯಿಯ ಟ್ರಂಕು ಸೇರಿದವು, ಮಹಬೂಬ ಮಾಮಾ ಕರೆಂಟು ಹೋದರೂ ಮಷೀನಿನ ಮುಂದೆಯೇ ಕೂರತೊಡಗಿದ.

ಆ ಸಾಲು ಜಗತ್ತಿನಲ್ಲಿ ಎಲ್ಲಿಯೂ ಉಳಿಯಬಾರದು ಎಂದು ಕೆಲವು ತಿಂಗಳ ಬಳಿಕ ಒಂದು ಮಧ್ಯಾಹ್ನ ನಿರ್ಧಾರ ಮಾಡಿದೆ. ಆಯಿ ಅಡ್ಡಾಗಿದ್ದಳು, ಕಾಕಾ ಅಂಗಡಿಯಲ್ಲಿದ್ದ. ಎ ಬಾಜೂ ಹಾಕಿ, ಸದ್ದು ಸಣ್ಣದು ಮಾಡಿ, ಒತ್ತಿದರೆ ಹಳೆಯದು ಅಳಿಸಿಹೋಗುವ ಕೆಂಪು ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕುಳಿತೆ. ಸಾಲು ಬಂದ ಕೂಡಲೇ ಒತ್ತಿ, ಬಾಜೂ ಮುಗಿಯುವವರೆಗೆ ಬಿಡಬಾರದು ಎಂಬುದು ನನ್ನ ಲೆಕ್ಕ. ಬಂತು. ಕಾಕಾ ಎಷ್ಟು ಖುಷಿಯಿಂದ ಹಾಡಿದ್ದ! ಒಂದು ಸಲ, ಎರಡು ಸಲ, ಮೂರು ಸಲ. ನನ್ನ ಬೆರಳು ಏಳಲಿಲ್ಲ, ಒತ್ತಲೂ ಇಲ್ಲ. ನಾನು ಅಳುತ್ತಿದ್ದೆ. ಹಾಡು ಮುಗಿದು ಖಾಲಿ ಜಾಗ ಶುರುವಾಯಿತು. ಆಗ ಖಟ್ ಎಂಬ ಸದ್ದು ಕೇಳಿಸಿತು. ಅದು ನಮ್ಮ ಟೇಪಿನದಲ್ಲ. ಬಳಿಕ ನಮ್ಮ ಮನೆಯಲ್ಲಿ ಯಾರೂ ಬಾರಿಸದ ಬೇರೊಂದು ದಪ್ಪು, ಆಮೇಲೆ ಹುಡುಗಿಯೊಬ್ಬಳ ಗಟ್ಟಿ ಧ್ವನಿ:

"ಅಪ್ಪನ ಕಂಠ ಮುಚ್ಚಿದ್ರ, ಮಗಳ ಕಂಠ ತೆರದೈತಿ,
ಕಾಲುವಿ ನೀರು ಬಂದೈತಿ, ಗದ್ದಿ ತುಂಬ ನಗತೈತಿ,
ಕಪ್ಪಿ ಹಾಡು ಮೆಚ್ಚೋರ, ಮಸ್ಕಿ ಜ್ವಾಳದ ಜಾಣರ,
ಮುಂದಿನ ಸವಾಲ್ ಕಳಸ್ರಿ, ಕಿವಿ ತೊಳಕೊಂಡು ಕುಂತೀವಿ."

ಹನುಮಂತಪ್ಪನ ಮಗಳು ಈರಮ್ಮನಿಗೆ ನಮ್ಮ ನಿಯಮ ಗೊತ್ತಿರಲಿಲ್ಲ. ನಮ್ಮ ಹಾಡು ಕೇಳಿದವಳು, ಟೇಪು ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಜವಾಬು ತುಂಬಿಬಿಟ್ಟಿದ್ದಳು. ನಾವು ನಿಯಮ ಬಲ್ಲ ಜಾಣರು, ತಿಂಗಳುಗಟ್ಟಲೆ ಬಿ ಬಾಜೂವಿನ ಸುಂಯ್ ಸದ್ದನ್ನೇ ಎದೆಗೆ ಹಚ್ಚಿಕೊಂಡು ಕುಳಿತಿದ್ದೆವು. ಅವಳ ಹಾಡಿನ ಕೊನೆಗೆ ಭತ್ತದ ಹೊಟ್ಟು ಕೇರಿದಂಥ ಒಂದು ಪಿಸುದನಿ ಇತ್ತು. "ಶರಣಾ, ಆ ಕಪ್ಪಿ ಸಾಲು ನಿಂದಲ್ಲ ಬಿಡು. ಯಾರು ಕಟ್ಟ್ಯಾರ? ಅವರನ್ನ ನೋಡಾಕ ಬರ್ತೀನಿ." ನಾನು ಟೇಪನ್ನು ಎದೆಗವುಚಿಕೊಂಡು ಬರಿಗಾಲಲ್ಲಿ ಬಜಾರಿಗೆ ಓಡಿದೆ. ಕಾಕಾ ಅಂಗಡಿಯಲ್ಲಿ ನಿಂತೇ ಅದನ್ನು ಕೇಳಿದ. ಕೇಳಿ, ಎದುರಿಗೆ ಗಿರಾಕಿಗಳಿದ್ದಾರೆ ಎಂಬ ಪರಿವೆಯೂ ಇಲ್ಲದೆ ಗಳಗಳ ಅತ್ತ, ಅಳುತ್ತಲೇ "ನಿಯಮ ಮುರದಾಳ ಆಕಿ, ಬಿಡಬಾರದು" ಎಂದು ನಕ್ಕ.

ಹನುಮಂತಪ್ಪ ಹೇಳಿದಂತೆ ಬಂದ. ಕೊರಳಿಗೆ ಮಫ್ಲರು ಸುತ್ತಿಕೊಂಡ ಸಣ್ಣ ಮನುಷ್ಯ, ಧ್ವನಿಯಿಂದ ನಾನು ಊಹಿಸಿದ್ದಕ್ಕಿಂತ ಒಂದು ಗೇಣು ಗಿಡ್ಡ. ಕಾಕಾ ಕೈ ಮುಗಿದು ನಿಂತ. ನಾನೇ ಮುಂದೆ ಬಂದು "ಅದು ನಂದು ರೀ. ನಿಮಗ ಆರಾಮಿಲ್ಲ ಅಂತ ಗೊತ್ತಿರಲಿಲ್ಲ. ತಪ್ಪಾತು ರೀ" ಎಂದು ಅವನ ಕಾಲಿಗೆ ಬಿದ್ದೆ. ಅವನು ನನ್ನ ರಟ್ಟೆ ಹಿಡಿದು ಎಬ್ಬಿಸಿ, ಕಟ್ಟೆಯ ಮೇಲೆ ಪಕ್ಕಕ್ಕೆ ಕೂರಿಸಿಕೊಂಡ. ಅವನ ಮಾತು ಕೇಳಿಸಿಕೊಳ್ಳಲು ನಾನು ಮುಖವನ್ನು ಅವನ ಬಾಯಿಯ ಹತ್ತಿರ ಒಯ್ಯಬೇಕಾಯಿತು.

"ದವಾಖಾನಿದಾಗ ಎಲ್ಲಾರೂ ನನ್ನ ಕೂಡ ಮೆತ್ತಗ ಮಾತಾಡ್ತಿದ್ರು ನೋಡವ್ವ. ಹೆಂಡ್ತಿ ಮೆತ್ತಗ, ಡಾಕ್ಟರ್ ಮೆತ್ತಗ, ಮನಿಗೆ ಬಂದ್ರ ದಿನಾ ನೀರಿಗೆ ಜಗಳಾಡೋ ಬಾಜೂ ಹೊಲದಾಂವನೂ ಮೆತ್ತಗ. ಮುಗೀತಪಾ ನನ್ನ ಕಥಿ ಅಂತ ತಿಳಿದಿದ್ದೆ. ಅಷ್ಟರಾಗ ನಿನ್ನ ಕಪ್ಪಿ ಬಂತು. ನನ್ನ ಕೂಡ ಜಗಳಕ್ಕ ನಿಂತಾಕಿ ನೀ ಒಬ್ಬಾಕಿನ."

ಅವತ್ತು ಆಯಿ ಅವನ ಗಂಟಲಲ್ಲಿ ಮೆತ್ತಗೆ ಇಳಿಯಲೆಂದು ಅನ್ನ ಮಾಡಿದಳು. ಅವನು ಬೇಡವೆಂದು ರೊಟ್ಟಿಯನ್ನೇ ಹಾಲಿನಲ್ಲಿ ನೆನೆಸಿ ತಿಂದ. ಆಮೇಲೆ ನಾಲ್ಕೈದು ವರ್ಷ ಸವಾಲು ಹಾಕಿದವಳು ನಾನು, ಜವಾಬು ಕೊಟ್ಟವಳು ಈರಮ್ಮ. ಹನುಮಂತಪ್ಪನ ಕಂಠ ಪೂರಾ ಬರಲಿಲ್ಲ, ಆದರೆ ಪ್ರತಿ ಕ್ಯಾಸೆಟ್ಟಿನ ಕೊನೆಗೆ ಅವನ ಪಿಸುಮಾತಿನ ಬೈಗುಳ ಒಂದು ಇರಲೇಬೇಕು. ಆಮೇಲೆ ಬಣ್ಣದ ಹೊದಿಕೆಯ ಕ್ಯಾಸೆಟ್ಟುಗಳು ಅಂಗಡಿ ತುಂಬ ಬಂದವು, ನಮ್ಮ ನಕಲುಗಳನ್ನು ಕೇಳುವವರು ಕಡಿಮೆಯಾದರು, ಮಹಬೂಬ ಮಾಮಾನ ದಪ್ಪಿನ ಚರ್ಮ ಹರಿದದ್ದು ಮತ್ತೆ ಬಿಗಿಯಲಿಲ್ಲ. ಆಯಿ ಹೋದಳು, ಕಾಕಾನೂ ಹೋದ. ಅವರೆಲ್ಲರಿಗಿಂತ ಮೊದಲು ಹೋದವನು ಹನುಮಂತಪ್ಪ. ಸುದ್ದಿ ಬಂದ ದಿನ ಕಾಕಾನ ಜೊತೆ ಬಸ್ಸು ಹತ್ತಿ ನಾನು ಮೊದಲ ಸಲ ಮುಕ್ಕುಂದ ನೋಡಿದೆ. ಗದ್ದೆಯ ಬದುವಿನ ಮೇಲೆ ಈರಮ್ಮನ ಕೈ ಹಿಡಿದು ನಡೆಯುತ್ತಾ ಬಹಳ ಅತ್ತೆ. ತಪ್ಪಿತಸ್ಥಳ ಹಾಗೆ ಅಳಲಿಲ್ಲ, ನನ್ನವರೊಬ್ಬರು ಹೋದರು ಎಂದು ಅತ್ತೆ.